ಹೈಸ್ಕೂಲ್ ಮಕ್ಕಳಿಗೆ ಆರೋಗ್ಯ ಮತ್ತು ಬದುಕಿನ ಪಾಠ ಮಾಡೋದು ಹೇಗೆ: ಒಂದು ಡಬ್ಬಿ, ಒಂದು ಪೀರಿಯಡ್, ಪೂರ್ತಿ ವರ್ಷ

8ನೇ ಕ್ಲಾಸಿನ ವಿಜ್ಞಾನದಲ್ಲಿ ಹದಿಹರೆಯದ ಅಧ್ಯಾಯ ಬಂತು ಅಂದ್ರೆ ಏನಾಗುತ್ತೆ ಅಂತ ಪಾಠ ಮಾಡಿದೋರಿಗೆಲ್ಲ ಗೊತ್ತು. ಹಿಂದಿನ ಬೆಂಚಲ್ಲಿ ಕಿಸಿಕಿಸಿ ನಗು, ಹುಡುಗೀರು ತಲೆ ಬಗ್ಗಿಸಿ ಪುಸ್ತಕದೊಳಗೆ ಮುಖ ಇಟ್ಟುಬಿಡ್ತಾರೆ, ಟೀಚರು "ಇದನ್ನ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗ್ತಾರೆ. ನಾನೂ ಕೆಲಸಕ್ಕೆ ಸೇರಿದ ಮೊದಲೆರಡು ವರ್ಷ ಹಾಗೇ ಮಾಡಿದೀನಿ. ಮೂರನೇ ವರ್ಷ 9ನೇ ಕ್ಲಾಸಿನ ಒಬ್ಬ ಹುಡುಗಿ ನಾಲ್ಕು ದಿನ ಸ್ಕೂಲಿಗೆ ಬರಲಿಲ್ಲ, ಐದನೇ ದಿನ ಬಂದೋಳನ್ನ ಯಾಕಮ್ಮ ಅಂತ ಕೇಳಿದ್ರೆ, ಮೊದಲ ಸಲ ಮುಟ್ಟಾದಾಗ ತನಗೆ ಕ್ಯಾನ್ಸರ್ ಬಂದಿದೆ ಅಂತ ಅಂದ್ಕೊಂಡು ಎರಡು ದಿನ ಅಮ್ಮಂಗೂ ಹೇಳದೆ ಅಟ್ಟದ ಮೇಲೆ ಕೂತಿದ್ದಳಂತೆ. ಹಿಂದಿನ ವರ್ಷ ಆ ಅಧ್ಯಾಯ ಮನೇಲಿ ಓದ್ಕೊ ಅಂತ ಅವಳಿಗೆ ಹೇಳಿದ್ದು ನಾನೇ.

ಅಲ್ಲಿಂದ ಶುರು ಮಾಡಿದ್ದು, ಈಗ 11 ವರ್ಷ ಆಯ್ತು. ನಮ್ಮದು ಚನ್ನಗಿರಿ ಕಡೆ ಒಂದು ಸರ್ಕಾರಿ ಹೈಸ್ಕೂಲು, 8ರಿಂದ 10ನೇ ಕ್ಲಾಸು, ಹುಡುಗರು ಹುಡುಗೀರು ಇಬ್ರೂ ಇದಾರೆ. ದುಡ್ಡು ಬೇಕಿಲ್ಲ, ಪ್ರೊಜೆಕ್ಟರ್ ಬೇಕಿಲ್ಲ. ನೀವು ವಿಜ್ಞಾನದ ಟೀಚರೇ ಆಗಿರಬೇಕು ಅಂತಾನೂ ಇಲ್ಲ, ನಮ್ಮಲ್ಲಿ ಹುಡುಗರ ಕ್ಲಾಸ್ ಅರ್ಧ ನಡೆಸೋದು ಪಿಇ (ದೈಹಿಕ ಶಿಕ್ಷಣದ) ಸರ್ರು. ಬೇಕಾಗಿರೋದು ಹದಿನೈದು ದಿನಕ್ಕೊಂದು ಪೀರಿಯಡ್ಡು, ಮುಚ್ಚಳ ಇರೋ ಒಂದು ಡಬ್ಬಿ, ಆಮೇಲೆ ಮುಖ ಸಿಂಡರಿಸದೆ ಮಾತಾಡೋ ಒಬ್ಬ ದೊಡ್ಡೋರು. ನಾನು ಮಾಡೋ ಕ್ರಮದಲ್ಲೇ ಬರೀತಾ ಹೋಗ್ತೀನಿ, ನಿಮ್ಮ ಶಾಲೆಗೆ ತಕ್ಕ ಹಾಗೆ ಹಿಂದೆ ಮುಂದೆ ಮಾಡ್ಕೊಳ್ಳಿ.

ಮೊದಲ ಹೆಜ್ಜೆ: ಜೂನ್ ತಿಂಗಳಲ್ಲೇ ಒಪ್ಪಿಗೆ ತಗೊಳ್ಳಿ

ಹೆಚ್ಎಂ (ಹೆಡ್ಮಾಸ್ಟರ್) ಹತ್ರ ಹೋಗುವಾಗ ಕೈಯಲ್ಲಿ ಪಠ್ಯಪುಸ್ತಕ ಹಿಡ್ಕೊಂಡು ಹೋಗಿ. ಇದು ನಾನು ಹೊಸದಾಗಿ ತರ್ತಿರೋ ವಿಷಯ ಅಲ್ಲ ಸರ್, 8ನೇ ಕ್ಲಾಸಲ್ಲಿ ಹದಿಹರೆಯ ಇದೆ, 10ನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠ ಇದೆ, ಅದನ್ನೇ ಸರಿಯಾಗಿ ಮಾಡ್ತೀನಿ, ಜೊತೆಗೆ ರಕ್ತಹೀನತೆ, ಮೊಬೈಲು, ದುಶ್ಚಟ, ಪರೀಕ್ಷೆ ಭಯ ಇವನ್ನೂ ಸೇರಿಸ್ತೀನಿ ಅಂತ ಹೇಳಿ. ಯಾಕೆ ಇಷ್ಟು ಹುಷಾರು ಅಂದ್ರೆ, 2007ರಲ್ಲಿ ದೇಶದ ಹದಿಹರೆಯ ಶಿಕ್ಷಣ ಕಾರ್ಯಕ್ರಮದ ವಿರುದ್ಧ ಗಲಾಟೆ ಎದ್ದು ಹಲವು ರಾಜ್ಯಗಳು ಅದನ್ನ ನಿಲ್ಲಿಸಿದ್ವು, ಅದರಲ್ಲಿ ಕರ್ನಾಟಕವೂ ಒಂದು. ಆ ಭಯ ಇನ್ನೂ ಸ್ಟಾಫ್ ರೂಮುಗಳಲ್ಲಿ ಇದೆ. ಜನ ಬೇಡ ಅನ್ನೋದು ಬಹಳ ಸಲ ವಿಷಯಕ್ಕಲ್ಲ, ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲದೆ ಇರೋದಕ್ಕೆ.

ಅದಕ್ಕೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಸಲ, ತಾಯಂದಿರ ಸಭೆಯಲ್ಲಿ ಒಂದು ಸಲ ಪೂರ್ತಿ ವರ್ಷದ ವಿಷಯಗಳ ಪಟ್ಟಿ ಓದಿಬಿಡಿ. ಮುಚ್ಚಿಡಬೇಡಿ. ನಮ್ಮಲ್ಲಿ ಒಬ್ಬರು ಎದ್ದು ನಿಂತು ಇದೆಲ್ಲ ಯಾಕೆ ಮಿಸ್ ಈಗ್ಲೇ ಅಂದಾಗ, ನಾನು ಉತ್ತರ ಕೊಡೋ ಮುಂಚೆ ಹಿಂದೆ ಕೂತಿದ್ದ ಒಬ್ಬ ಅಜ್ಜಿ "ನಂಗೆ ಮದ್ವೆ ಆದ್ಮೇಲೂ ಯಾರೂ ಹೇಳ್ಲಿಲ್ಲ ಕಣವ್ವ, ಇವ್ರಿಗಾದ್ರೂ ಹೇಳ್ಲಿ ಬಿಡು" ಅಂದ್ಬಿಟ್ರು, ಆಮೇಲೆ ಯಾರೂ ಮಾತಾಡಲಿಲ್ಲ.

ಅದೇ ವಾರ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿ ಸಿಸ್ಟರನ್ನ, ಆಶಾ ಕಾರ್ಯಕರ್ತೆಯನ್ನ ಮಾತಾಡಿಸಿ ಬನ್ನಿ. ಹದಿಹರೆಯದವರಿಗೆ ಅಂತಾನೇ ಸರ್ಕಾರದ ಸ್ನೇಹ ಕ್ಲಿನಿಕ್‌ಗಳಿವೆ, ನಿಮ್ಮ ಕಡೆ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಅಂತ ಕೇಳಿ ಬರ್ಕೊಳ್ಳಿ. ಮುಂದೆ ಯಾವುದಾದ್ರೂ ಮಗುನ ಕಳಿಸಬೇಕಾದಾಗ ಹುಡುಕ್ತಾ ಕೂರೋದು ತಪ್ಪುತ್ತೆ.

ಎರಡನೇ ಹೆಜ್ಜೆ: ಪ್ರಶ್ನೆ ಡಬ್ಬಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇದು. ನಿಮ್ಮ ಹತ್ರ ಬೇರೆ ಏನೂ ಮಾಡೋಕೆ ಟೈಮ್ ಇಲ್ಲ ಅಂದ್ರೂ ಇದೊಂದು ಮಾಡಿ.

ಬಿಸಿಯೂಟದ ಅಡುಗೆಯೋರ ಹತ್ರ ಒಂದು ಖಾಲಿ ಎಣ್ಣೆ ಟಿನ್ನು ಇಸ್ಕೊಂಡು, ಮೇಲೆ ಒಂದು ಸೀಳು ಮಾಡಿಸಿ, ಬೀಗ ಹಾಕಿ. ಎಲ್ಲಿಡ್ತೀರಿ ಅನ್ನೋದು ಬಹಳ ಮುಖ್ಯ. ಮೊದಲ ವರ್ಷ ಸ್ಟಾಫ್ ರೂಮ್ ಬಾಗಿಲ ಪಕ್ಕ ಇಟ್ಟೆ, ಎರಡು ತಿಂಗಳು ಒಂದೂ ಚೀಟಿ ಬೀಳಲಿಲ್ಲ, ಯಾರು ಹಾಕ್ತಿದಾರೆ ಅಂತ ಎಲ್ರಿಗೂ ಕಾಣುತ್ತಲ್ಲ. ಆಮೇಲೆ ಕುಡಿಯೋ ನೀರಿನ ನಲ್ಲಿ ಹತ್ರ ಇದ್ದ ಮೂಲೆಗೆ ಸ್ಥಳ ಬದಲಾಯಿಸಿದೆ, ಅಲ್ಲಿ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಹೋಗ್ತಾರೆ. ಆ ವಾರವೇ ಹದಿನೇಳು ಚೀಟಿ.

ಇನ್ನೊಂದು ಉಪಾಯ: ಕ್ಲಾಸ್ ಮುಗಿಯೋ ಮುಂಚೆ ಎಲ್ರಿಗೂ ಒಂದೇ ಅಳತೆಯ ಚೀಟಿ ಕೊಟ್ಟು, ಎಲ್ರೂ ಬರೀಲೇಬೇಕು ಅನ್ನಿ. ಪ್ರಶ್ನೆ ಇಲ್ಲದೋರು "ಪ್ರಶ್ನೆ ಇಲ್ಲ" ಅಂತ ಬರೀಲಿ. ಎಲ್ಲರ ಪೆನ್ನೂ ಆಡ್ತಿರುತ್ತೆ, ಹಾಗಾಗಿ ನಿಜವಾಗಿ ಬರೀತಿರೋರು ಯಾರು ಅಂತ ಪಕ್ಕದೋರಿಗೆ ಗೊತ್ತಾಗಲ್ಲ. ಹೆಸರು ಬೇಡ, ಕ್ಲಾಸ್ ಬೇಡ, ಅಕ್ಷರ ಗುರುತು ಸಿಗಬಾರದು ಅಂದ್ರೆ ಎಡಗೈಯಲ್ಲಿ ಬರೀರಿ ಅಂತ ನಾನೇ ಹೇಳ್ತೀನಿ.

ಚೀಟಿಗಳನ್ನ ಕ್ಲಾಸಲ್ಲೇ ಬಿಚ್ಚಿ ಓದಬೇಡಿ. ಮನೆಗೆ ತಗೊಂಡು ಹೋಗಿ ವಿಂಗಡಿಸಿ. ಒಂದಿಷ್ಟಕ್ಕೆ ನಿಮಗೇ ಉತ್ತರ ಗೊತ್ತಿರುತ್ತೆ, ಕೆಲವನ್ನ ಸಿಸ್ಟರಿಗೋ ಡಾಕ್ಟರಿಗೋ ಕೇಳಬೇಕು, ಕೆಲವು ಬರೀ ಕೀಟಲೆ. ಕೀಟಲೆದಕ್ಕೂ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ಎಷ್ಟೋ ಸಲ ಕೀಟಲೆ ಥರ ಬರೆದಿರೋದು ನಿಜವಾದ ಅನುಮಾನಾನೇ. ಆಮೇಲೆ ಮುಖ್ಯವಾಗಿ, ಯಾವುದಾದ್ರೂ ಚೀಟಿಯಲ್ಲಿ ಮಗು ಅಪಾಯದಲ್ಲಿದೆ ಅನ್ನೋ ಸೂಚನೆ ಇದ್ರೆ ಅದನ್ನ ಮುಂದಿನ ಕ್ಲಾಸ್‌ವರೆಗೆ ಇಟ್ಕೊಳ್ಳೋ ಹಾಗಿಲ್ಲ. ಅದರ ಬಗ್ಗೆ ಕೆಳಗೆ ಬರೆದಿದೀನಿ.

ಒಂದು ಚೀಟಿ ನಾನು ಯಾವತ್ತೂ ಮರೆಯಲ್ಲ. ಎಂಟು ಮಡಿಕೆ ಮಡಚಿ ಗುಲಗಂಜಿಯಷ್ಟು ಮಾಡಿ ಹಾಕಿದ್ರು, ಬಿಚ್ಚೋಕೆ ಪಿನ್ನು ಬೇಕಾಯ್ತು. ಒಳಗೆ ಪೆನ್ಸಿಲ್ಲಲ್ಲಿ, "ರಾತ್ರಿ ನಿದ್ದೇಲಿ ಚಡ್ಡಿ ಒದ್ದೆ ಆಗುತ್ತೆ, ಉಚ್ಚೆ ಅಲ್ಲ. ನನಗೆ ಏಡ್ಸ್ ಬಂದಿದೆಯಾ. ನಾನು ಸತ್ತೋಗ್ತೀನಾ." ಪೆನ್ಸಿಲ್ಲನ್ನ ಎಷ್ಟು ಒತ್ತಿ ಬರೆದಿದ್ದ ಅಂದ್ರೆ ಕೊನೇ ಸಾಲಲ್ಲಿ ಪೇಪರ್ ಹರಿದಿತ್ತು. ಆ ಮಗು ಎಷ್ಟು ತಿಂಗಳಿಂದ ಹೀಗೆ ಒಬ್ಬನೇ ಹೆದರಿಕೊಂಡು ಮಲಗ್ತಿತ್ತೋ ಏನೋ.

ಮೂರನೇ ಹೆಜ್ಜೆ: ಮಾತು ಕಲಿಸಿ

ಕನ್ನಡದಲ್ಲಿ ಈ ಪಾಠ ಮಾಡೋರಿಗೆ ಒಂದು ನಿಜವಾದ ಕಷ್ಟ ಇದೆ, ಇಂಗ್ಲಿಷ್ ಮೀಡಿಯಂನೋರಿಗೆ ಅದು ಇಷ್ಟು ಕಾಡಲ್ಲ. ಮೈಯ ಕೆಲವು ಭಾಗಗಳಿಗೆ ಮಕ್ಕಳಿಗೆ ಗೊತ್ತಿರೋ ಕನ್ನಡ ಪದ ಬೈಗುಳ ಮಾತ್ರ. ಪುಸ್ತಕದ ಪದಗಳು ಸಂಸ್ಕೃತದವು, ಬಾಯಿಗೆ ಬರಲ್ಲ. ಮುಟ್ಟಿಗಂತೂ ಎಷ್ಟು ಹೆಸರು ನೋಡಿ: ಹೊರಗಾಗಿದಾಳೆ, ಹೊರಗೆ ಕೂತಿದಾಳೆ, ಕಾಗೆ ಮುಟ್ಟಿದೆ, ಡೇಟು, ಎಂಸಿ, ತಿಂಗಳ ಪ್ರಾಬ್ಲಂ. ಮೊದಲ ಸಲ ಆದ್ರೆ ದೊಡ್ಡೋಳಾದ್ಲು, ಮೈನೆರೆದ್ಲು. ಇಷ್ಟೂ ಮಾತು ಅದನ್ನ ಮರೆಮಾಚೋಕೇ ಹುಟ್ಟಿದ್ದು. ಪದ ಇಲ್ಲದ ಮಗು ಪ್ರಶ್ನೆ ಕೇಳೋಕಾಗಲ್ಲ, ಯಾರಾದ್ರೂ ಮುಟ್ಟಬಾರದ ಕಡೆ ಮುಟ್ಟಿದ್ರೆ ಎಲ್ಲಿ ಮುಟ್ಟಿದ್ರು ಅಂತ ಹೇಳೋಕೂ ಆಗಲ್ಲ, "ಅವ್ರು ಒಂಥರಾ ಮಾಡಿದ್ರು" ಅಂತ ಹೇಳಿ ನಿಲ್ಲಿಸಿಬಿಡುತ್ತೆ.

ನಾನು ಮಾಡೋದು ಇಷ್ಟು. ಬೋರ್ಡ್ ಮೇಲೆ ಒಂದರ ಕೆಳಗೊಂದು ಬರೀತೀನಿ: ಶ್ವಾಸಕೋಶ, ಜಠರ, ಅಂಡಾಶಯ, ಯಕೃತ್ತು, ಶಿಶ್ನ, ಮೂತ್ರಪಿಂಡ, ಗರ್ಭಕೋಶ, ಹೃದಯ, ವೃಷಣ, ಯೋನಿ, ಮೆದುಳು. ಬೇಕಂತಲೇ ಕಲಸಿ ಬರೆದಿರ್ತೀನಿ. ಮಗ್ಗಿ ಹೇಳಿಸೋ ಹಾಗೆ ಇಡೀ ಕ್ಲಾಸ್ ಒಟ್ಟಿಗೆ ಜೋರಾಗಿ ಓದಬೇಕು. ಮೊದಲ ಸಲ ಅರ್ಧಕ್ಕರ್ಧ ಜನ ನುಂಗಿಬಿಡ್ತಾರೆ, ನಗು ಬರುತ್ತೆ, ನಗಲಿ ಬಿಡಿ, ಬೈಬೇಡಿ. ಎರಡನೇ ಸಲ ನಗು ಕಮ್ಮಿ. ನಾಲ್ಕನೇ ಸಲಕ್ಕೆ ಮೂತ್ರಪಿಂಡ ಹೇಗೋ ಶಿಶ್ನಾನೂ ಹಾಗೇ ಅನ್ನೋ ಥರ ಓದ್ತಾರೆ. ನಿಮ್ಮ ಧ್ವನಿ ಮಾತ್ರ ಎಲ್ಲೂ ತಗ್ಗಬಾರದು, ಅದನ್ನ ಮನೇಲಿ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿ, ನಾನು ಮಾಡಿದೀನಿ. ಗುಪ್ತಾಂಗ ಅನ್ನೋ ಪದ ನಾನು ಬಳಸಲ್ಲ, ಗುಪ್ತ ಅಂದ ತಕ್ಷಣ ಬಚ್ಚಿಡೋ ವಿಷಯ ಅನ್ನಿಸುತ್ತೆ. ಖಾಸಗಿ ಅಂಗ ಅನ್ನಿ, ಅದು ನನ್ನದು, ನನ್ನ ಒಪ್ಪಿಗೆ ಬೇಕು ಅನ್ನೋ ಅರ್ಥ ಬರುತ್ತೆ.

ನಾಲ್ಕನೇ ಹೆಜ್ಜೆ: ಮೈ ಬದಲಾಗೋ ಪಾಠ, ಇಬ್ಬರಿಗೂ ಎರಡೂ

ಮೊದಮೊದಲು ನಾನು ಹುಡುಗರನ್ನ ಗ್ರೌಂಡಿಗೆ ಕಳಿಸಿ ಹುಡುಗೀರಿಗೆ ಮಾತ್ರ ಹೇಳ್ತಿದ್ದೆ. ಅದರಿಂದ ಆಗಿದ್ದೇನಂದ್ರೆ ಹುಡುಗರು ಅಲ್ಲೇನು ನಡೀತು ಅಂತ ಕೆಣಕೋದು, ರೇಗಿಸೋದು ಜಾಸ್ತಿ ಆಯ್ತು. ಈಗ ಹೀಗೆ ಮಾಡ್ತೀವಿ: ಒಂದು ಪೀರಿಯಡ್ ಬೇರೆ ಬೇರೆ, ಅವರವರ ಅನುಮಾನಕ್ಕೆ, ಆಮೇಲಿನದು ಎಲ್ರೂ ಒಟ್ಟಿಗೆ.

ಒಟ್ಟಿಗೆ ಕೂರಿಸಿದಾಗ ನಾನು ಒಂದು ಪ್ಯಾಡು, ಒಂದು ಲೋಟ ಕುಂಕುಮದ ನೀರು, ಒಂದು ಟೀ ಚಮಚ ತಗೊಂಡು ಹೋಗ್ತೀನಿ. ಒಂದು ಮುಟ್ಟಲ್ಲಿ ಒಟ್ಟು ಎಷ್ಟು ರಕ್ತ ಹೋಗುತ್ತೆ ಹೇಳಿ ಅಂತ ಕೇಳಿ. ಅರ್ಧ ಲೀಟರ್ ಅಂತಾರೆ, ಒಂದು ಬಾಟಲ್ ಅಂತಾರೆ. ಆಮೇಲೆ ಒಬ್ಬ ಹುಡುಗನ ಕೈಲೇ ಚಮಚ ಕೊಟ್ಟು ಎಣಿಸ್ತಾ ಹಾಕೋಕೆ ಹೇಳ್ತೀನಿ: ಒಂದು, ಎರಡು, ಮೂರು... ಆರರಿಂದ ಎಂಟು ಚಮಚಕ್ಕೆ ನಿಲ್ಲಿಸಿ. ಸಾಮಾನ್ಯವಾಗಿ ಇಷ್ಟೇ, 30ರಿಂದ 40 ಎಂಎಲ್, ಅದೂ ಒಂದೇ ದಿನಕ್ಕಲ್ಲ, ಎಲ್ಲ ದಿನ ಸೇರಿ. ಕ್ಲಾಸ್ ಸದ್ದಿಲ್ಲದೆ ನೋಡುತ್ತೆ. ಹೋದ ವರ್ಷ ಚಮಚ ಹಿಡಿದಿದ್ದ ಹುಡುಗ ಪ್ಯಾಡ್ ಕಡೆ ನೋಡ್ತಾ ಮೆಲ್ಲಗೆ "ಇದನ್ನ ಇಟ್ಕೊಂಡು ಕಬಡ್ಡಿ ಆಡ್ತಾರಾ ಮಿಸ್" ಅಂದ, ಅವನ ಅಕ್ಕ ತಾಲ್ಲೂಕು ಟೀಮಲ್ಲಿದ್ದಳು.

ಹುಡುಗೀರಿಗೆ ತಪ್ಪದೆ ಹೇಳಬೇಕಾದ್ದು: ಮೊದಲ ಎರಡು ಮೂರು ವರ್ಷ ತಿಂಗಳು ತಿಂಗಳು ಸರಿಯಾಗಿ ಬರದೆ ಇರೋದು ಸಾಮಾನ್ಯ, ಈ ವಯಸ್ಸಲ್ಲಿ 21 ದಿನದಿಂದ 45 ದಿನದೊಳಗೆ ಬಂದ್ರೆ ಚಿಂತೆ ಇಲ್ಲ, ಏಳು ದಿನಕ್ಕಿಂತ ಜಾಸ್ತಿ ಹೋದ್ರೆ, ಗಂಟೆಗೊಂದು ಪ್ಯಾಡ್ ನೆನೆದ್ರೆ, ಹೊಟ್ಟೆನೋವಿಗೆ ಪ್ರತಿ ತಿಂಗಳೂ ಸ್ಕೂಲ್ ಬಿಡೋ ಹಾಗಾದ್ರೆ, 15 ತುಂಬಿದ್ರೂ ಮುಟ್ಟಾಗದೇ ಇದ್ರೆ ಡಾಕ್ಟರಿಗೆ ತೋರಿಸಬೇಕು. ಪ್ಯಾಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಬಟ್ಟೆ ಬಳಸೋರಾದ್ರೆ ಸೋಪು ಹಾಕಿ ಒಗೆದು ಬಿಸಿಲಲ್ಲೇ ಒಣಗಿಸಬೇಕು, ಬಾಗಿಲ ಹಿಂದೆ ಸೀರೆ ಕೆಳಗೆ ಮುಚ್ಚಿ ಒಣಗಿಸಿದ್ರೆ ಅದು ಸರಿಯಾಗಿ ಒಣಗೋದೇ ಇಲ್ಲ. ಸರ್ಕಾರ ಉಚಿತವಾಗಿ ಕೊಡೋ ಶುಚಿ ಯೋಜನೆ ಪ್ಯಾಡ್ ಶಾಲೆಗೆ ಬಂದಾಗ ಬೀರುವಲ್ಲಿ ಬೀಗ ಹಾಕಿಡಬೇಡಿ, ಹುಡುಗೀರ ಕೈಗೆ ಸಿಗೋ ಕಡೆ ಇಡಿ, ಕೇಳಿ ಇಸ್ಕೊಳ್ಳೋ ಹಾಗಿದ್ರೆ ಅರ್ಧ ಜನ ಕೇಳೋದೇ ಇಲ್ಲ. ಮನೆಯಲ್ಲಿ ಹೊರಗೆ ಕೂರಿಸೋ ವಿಷಯ ಬಂದೇ ಬರುತ್ತೆ. ನಾನು ಯಾರ ಮನೆಯ ದೇವರನ್ನೂ ಬೈಯಲ್ಲ, ಮುಟ್ಟಿನ ರಕ್ತ ಕೊಳಕಲ್ಲ, ಮಗುಗೆ ಅಂತ ಗರ್ಭಕೋಶ ಹಾಸಿದ ಹಾಸಿಗೆ ಅದು, ಮಗು ಬರದೆ ಇದ್ದಾಗ ಕಳಚಿ ಬೀಳುತ್ತೆ ಅಂತ ಹೇಳ್ತೀನಿ. ಮಿಕ್ಕಿದ್ದನ್ನ ಅವರೇ ಮನೆಗೆ ಹೋಗಿ ಕೇಳ್ತಾರೆ.

ಹುಡುಗರ ಪೀರಿಯಡ್ಡನ್ನ ಬಹಳ ಶಾಲೆಗಳಲ್ಲಿ ಮಾಡೋದೇ ಇಲ್ಲ, ಅದು ದೊಡ್ಡ ಅನ್ಯಾಯ. ಹುಡುಗರ ಚೀಟಿಗಳಲ್ಲಿ ಇರೋಷ್ಟು ಹೆದರಿಕೆ ಹುಡುಗೀರ ಚೀಟಿಗಳಲ್ಲೂ ಇರಲ್ಲ. ನಿದ್ದೆಯಲ್ಲಿ ವೀರ್ಯ ಹೋಗೋದು ಈ ವಯಸ್ಸಿನ ಸಹಜ ಕ್ರಿಯೆ, ಅದು ಏಡ್ಸೂ ಅಲ್ಲ, ಯಾವ ಕಾಯಿಲೆಯೂ ಅಲ್ಲ, ಔಷಧಿ ಬೇಕಿಲ್ಲ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು ಅನ್ನೋ ಮಾತು ಪೂರ್ತಿ ಸುಳ್ಳು. ಹಸ್ತಮೈಥುನದಿಂದ ಕಣ್ಣು ಹೋಗಲ್ಲ, ಮೈ ಸೊರಗಲ್ಲ, ಮುಂದೆ ಮಕ್ಕಳಾಗದೆ ಇರಲ್ಲ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಗುಪ್ತರೋಗ, ನರದೌರ್ಬಲ್ಯ ಅಂತ ಪೋಸ್ಟರ್ ಅಂಟಿಸಿರ್ತಾರಲ್ಲ, ಆ ಅಂಗಡಿಗಳು ನಡೆಯೋದೇ ಈ ಹೆದರಿಕೆಯ ಮೇಲೆ, ನಮ್ಮ ಒಬ್ಬ ಹಳೇ ವಿದ್ಯಾರ್ಥಿ ಗಾರೆ ಕೆಲಸ ಮಾಡಿ ಕೂಡಿಸಿದ ದುಡ್ಡೆಲ್ಲ ಅಂಥ ಒಂದು ಕಡೆ ಕೊಟ್ಟು ಬಂದಿದ್ದ. ಇನ್ನೊಂದು, ಹುಡುಗರಿಗೂ ಕೆಲವರಿಗೆ ಎದೆಯಲ್ಲಿ ಸಣ್ಣ ಗಂಟು ಬಂದು ನೋವಾಗುತ್ತೆ, ಹಾರ್ಮೋನಿಂದ ಆಗೋದು, ಬಹಳಷ್ಟು ಹುಡುಗರಿಗೆ ಒಂದೆರಡು ವರ್ಷದೊಳಗೆ ತಾನಾಗೇ ಕರಗುತ್ತೆ. ಇದನ್ನ ಹೇಳಿದ ದಿನ ಒಬ್ಬ ಹುಡುಗ ಮಳೆಗಾಲ ಮುಗಿದ್ರೂ ಬಿಡದೆ ಹಾಕ್ತಿದ್ದ ಸ್ವೆಟರ್ ಬಿಚ್ಚಿಟ್ಟ ಅಂತ ಪಿಇ ಸರ್ ಬಂದು ಹೇಳಿದ್ರು.

10ನೇ ಕ್ಲಾಸಲ್ಲಿ ಎಕ್ಸ್, ವೈ ಕ್ರೋಮೋಸೋಮ್ ಪಾಠ ಬಂದಾಗ ಪರೀಕ್ಷೆಗೆ ಚಿತ್ರ ಬರೆಸಿ ಬಿಡಬೇಡಿ. ಮಗು ಹೆಣ್ಣೋ ಗಂಡೋ ಅನ್ನೋದು ಅಪ್ಪನ ಕಡೆಯಿಂದ ಬರೋ ಕ್ರೋಮೋಸೋಮ್ ಮೇಲೆ ಅಂತ ಹೇಳಿ, ಬರೀ ಹೆಣ್ಣೇ ಹೆತ್ತಳು ಅಂತ ಯಾರಿಗಾದ್ರೂ ಬೈದಿದ್ದು ಕೇಳಿದೀರಾ ಅಂತ ಕೇಳಿ. ಎಷ್ಟು ಕೈ ಮೇಲೇಳುತ್ತೆ ನೋಡಿ.

ಐದು: ರಕ್ತಹೀನತೆ ಮತ್ತು ನೀಲಿ ಮಾತ್ರೆ

ವಾರಕ್ಕೊಂದು ಐರನ್ ಮಾತ್ರೆ ಕೊಡ್ತಾರಲ್ಲ, ನೀಲಿ ಬಣ್ಣದ್ದು, ಅದನ್ನ ಮಕ್ಕಳು ಕಿಟಕಿಯಿಂದ ಎಸೀತಾರೆ. ಕಾರಣ ಕೇಳಿದ್ರೆ ವಾಕರಿಕೆ, ಮಲ ಕಪ್ಪಾಗುತ್ತೆ ಅನ್ನೋ ಭಯ, ಆಮೇಲೆ ಮಕ್ಕಳಾಗದೆ ಇರೋಕೆ ಕೊಡ್ತಾರೆ ಅನ್ನೋ ಗಾಳಿಸುದ್ದಿ. ಮಲ ಕಪ್ಪಾಗೋದು ಹೀರದೆ ಉಳಿದ ಕಬ್ಬಿಣದಿಂದ, ಅಪಾಯ ಇಲ್ಲ ಅಂತ ಮೊದಲೇ ಹೇಳಿ. ಬಿಸಿಯೂಟ ಆದ ಮೇಲೆ ಕೊಡಿ, ಖಾಲಿ ಹೊಟ್ಟೆಗೆ ಬೇಡ, ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ, ನಿಂಬೆಹಣ್ಣೋ ನೆಲ್ಲಿಕಾಯೋ ಜೊತೆಗಿದ್ರೆ ಕಬ್ಬಿಣ ಚೆನ್ನಾಗಿ ಮೈಗೆ ಹಿಡಿಯುತ್ತೆ. ನೀವೂ ಮಕ್ಕಳ ಮುಂದೆ ಊಟ ಮಾಡಿ ಒಂದು ಮಾತ್ರೆ ನುಂಗಿ ತೋರಿಸಿ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳದ ಮಾತ್ರೆ, ಅದೇ ಅಲ್ಬೆಂಡಜೋಲ್, ಅದನ್ನ ಅಗಿದು ತಿನ್ನೋಕೆ ಹೇಳಿ. ಕೊಕ್ಕೆಹುಳ ಹೊಟ್ಟೆಯಲ್ಲಿ ಕೂತು ರಕ್ತ ಹೀರ್ತಿದ್ರೆ ಐರನ್ ಮಾತ್ರೆ ಒಂದರಿಂದಲೇ ಏನಾಗುತ್ತೆ.

ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ಟೀಮ್ ಬಂದಾಗ ಹಿಮೋಗ್ಲೋಬಿನ್ ಸಂಖ್ಯೆಯನ್ನ ಮಗುಗೇ ಹೇಳಿಸಿ. ಈ ವಯಸ್ಸಿನ ಹುಡುಗೀರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ಸೋಮಾರಿ ಅಂತ ನಾವು ಬೈತಿದ್ದ ಒಬ್ಬ ಹುಡುಗಿಗೆ 7.8 ಇತ್ತು, ಆಸ್ಪತ್ರೆಗೆ ಕಳಿಸಬೇಕಾಯ್ತು.

ಆರು: ಮೈ ಸುರಕ್ಷತೆ, ಮತ್ತು ಮಗು ನಿಮ್ಮ ಹತ್ರ ಬಂದು ಹೇಳಿದ ದಿನ

ಇದನ್ನ ನಿಧಾನವಾಗಿ ಓದಿ. ಒಳ್ಳೆ ಸ್ಪರ್ಶ ಕೆಟ್ಟ ಸ್ಪರ್ಶ ಅನ್ನೋದು ಸಣ್ಣ ಮಕ್ಕಳಿಗೆ ಸಾಕು, ಹೈಸ್ಕೂಲಿಗೆ ಸಾಕಾಗಲ್ಲ. ಇವರಿಗೆ ಹೇಳಬೇಕಾದ್ದು: ಮಾಡೋರು ಹೆಚ್ಚಾಗಿ ಪರಿಚಯದೋರೇ, ಮನೆಯೋರೂ ಆಗಿರಬಹುದು, ಟೀಚರ್ರೂ ಆಗಿರಬಹುದು. ಹುಡುಗರಿಗೂ ಆಗುತ್ತೆ. ಯಾರಿಗೂ ಹೇಳಬೇಡ ಅಂತ ಯಾರಾದ್ರೂ ಹೇಳಿದ್ರೆ ಅದನ್ನೇ ಮೊದಲು ಹೇಳಬೇಕು. ತಪ್ಪು ಯಾವತ್ತೂ ಮಗುದಲ್ಲ, ಆಗ ಕಿರುಚಲಿಲ್ಲ, ಓಡಲಿಲ್ಲ, ತಿಂಡಿ ಇಸ್ಕೊಂಡೆ ಅಂದ್ರೂ ಮಗುದಲ್ಲ.

ಕ್ಲಾಸ್ ಮಾಡಿದ ಮೇಲೆ ಯಾರಾದ್ರೂ ಬಂದು ಹೇಳ್ತಾರೆ, ಇವತ್ತಲ್ಲ ಅಂದ್ರೆ ಆರು ತಿಂಗಳ ಮೇಲೆ. ಆಗ ಏನು ಮಾಡಬೇಕು ಅಂತ ಮುಂಚೇನೇ ಗೊತ್ತಿರಬೇಕು. ಕೂರಿಸಿ, ನೀರು ಕೊಡಿ, ಪೂರ್ತಿ ಕೇಳಿಸ್ಕೊಳ್ಳಿ. "ನೀನು ಹೇಳಿದ್ದು ಒಳ್ಳೇದಾಯ್ತು, ನಾನು ನಂಬ್ತೀನಿ" ಅನ್ನಿ. ಯಾಕೆ ಅಲ್ಲಿಗೆ ಹೋದೆ, ಯಾಕೆ ಮುಂಚೆ ಹೇಳಲಿಲ್ಲ ಅಂತ ಕೇಳಲೇಬೇಡಿ. ವಿವರ ಕೆದಕಬೇಡಿ, ನಾವು ತನಿಖೆ ಮಾಡೋರಲ್ಲ, ಪ್ರತಿಯೊಬ್ಬರ ಮುಂದೆಯೂ ಮತ್ತೆ ಮತ್ತೆ ಹೇಳಿಸಿದ್ರೆ ಮಗು ಅದನ್ನ ಪ್ರತಿ ಸಲ ಅನುಭವಿಸುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಆ ಮಾತು ಉಳಿಸ್ಕೊಳ್ಳೋಕೆ ಆಗಲ್ಲ. ಸಹಾಯ ಮಾಡಬೇಕಾದೋರಿಗೆ ಮಾತ್ರ ಹೇಳ್ತೀನಿ ಅನ್ನಿ. ಮಗು ಬಳಸಿದ ಪದಗಳಲ್ಲೇ, ದಿನಾಂಕ ಹಾಕಿ ಅವತ್ತೇ ಬರೆದಿಡಿ.

2012ರ ಪೋಕ್ಸೋ ಕಾಯ್ದೆ ಪ್ರಕಾರ 18ರ ಒಳಗಿನ ಯಾವ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೂ ಪೊಲೀಸರಿಗೆ ತಿಳಿಸೋದು ಕಡ್ಡಾಯ, ಮುಚ್ಚಿಟ್ರೆ ಅದೇ ಅಪರಾಧ, ತಮ್ಮ ಕೈಕೆಳಗಿನೋರು ಮಾಡಿದ್ದನ್ನ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಊರ ಮಾನ, ಶಾಲೆ ಹೆಸರು, ರಾಜಿ ಪಂಚಾಯ್ತಿ ಅಂತ ಜನ ಬಂದೇ ಬರ್ತಾರೆ. ಅದಕ್ಕೆಲ್ಲ ಬಗ್ಗೋ ಹಾಗಿಲ್ಲ, ಬಗ್ಗೋಕೆ ಕಾನೂನೂ ಬಿಡಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದಿನದ 24 ಗಂಟೆ ಇರುತ್ತೆ. ಪೊಲೀಸ್ ಅಂದ್ರೆ ಮಕ್ಕಳು ಹೆದರ್ತಾರೆ, ಅವರಿಗೆ ಈ ಧೈರ್ಯ ಹೇಳಬಹುದು: ಮಗು ಹೇಳಿಕೆ ತಗೊಳ್ಳುವಾಗ ಪೊಲೀಸರು ಯೂನಿಫಾರ್ಮಲ್ಲಿ ಇರಬಾರದು, ಮಗುಗೆ ಇಷ್ಟವಾದ ಜಾಗದಲ್ಲೇ ತಗೋಬಹುದು, ರಾತ್ರಿ ಸ್ಟೇಷನ್ನಲ್ಲಿ ಇರಿಸೋ ಹಾಗಿಲ್ಲ, ಹೆಸರು ಪೇಪರಲ್ಲಿ ಬರೋ ಹಾಗಿಲ್ಲ.

10ನೇ ಕ್ಲಾಸಿನೋರಿಗೆ ಪ್ರೀತಿ ವಿಷಯಾನೂ ನೇರವಾಗಿ ಹೇಳಿ. ಇಷ್ಟ ಆಗೋದು ತಪ್ಪಲ್ಲ, ಈ ವಯಸ್ಸಲ್ಲಿ ಎಲ್ರಿಗೂ ಆಗುತ್ತೆ. ಆದ್ರೆ 18ರ ಒಳಗೆ ಒಪ್ಪಿಗೆ ಇತ್ತು ಅಂದ್ರೂ ಕಾನೂನು ಒಪ್ಪಿಗೆ ಅಂತ ಎಣಿಸಲ್ಲ, 17ರ ಹುಡುಗಿ ಜೊತೆ ಓಡಿಹೋದ 19ರ ಹುಡುಗ ಪೋಕ್ಸೋ ಕೇಸಲ್ಲಿ ಒಳಗೆ ಹೋಗ್ತಾನೆ. ಹಾಗೇನೇ ಹುಡುಗೀಗೆ 18, ಹುಡುಗಂಗೆ 21 ಆಗದೆ ಮದುವೆ ಮಾಡಿದ್ರೆ ಕರ್ನಾಟಕದಲ್ಲಿ ಆ ಮದುವೆ ಮೊದಲಿಂದಲೇ ಅಸಿಂಧು. ಬೇಸಿಗೆ ರಜೆಯಲ್ಲಿ ಯಾರಿಗಾದ್ರೂ ಮದುವೆ ನಿಶ್ಚಯ ಆದ್ರೆ ಗೆಳತಿಯರೂ 1098ಕ್ಕೆ ಹೇಳಬಹುದು ಅಂತ ಏಪ್ರಿಲ್ ಒಳಗೆ ಮಕ್ಕಳಿಗೆ ಗೊತ್ತಿರಬೇಕು.

ಏಳು: ಅಡಿಕೆ, ಗುಟ್ಕಾ, ಸಿಗರೇಟು

ನಮ್ಮದು ಅಡಿಕೆ ಸೀಮೆ, ಕ್ಲಾಸಲ್ಲಿ ಅರ್ಧ ಮಕ್ಕಳ ಫೀಸು ಬಟ್ಟೆ ಎಲ್ಲ ಅಡಿಕೆಯಿಂದಲೇ ಬರೋದು. ಆದ್ರೂ ಹೇಳಲೇಬೇಕು: ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರೋ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ನಾನು ಬೆಳೆಯೋರನ್ನ ದೂರಲ್ಲ, ಅಗಿಯೋ ಚಟದ ಬಗ್ಗೆ ಮಾತಾಡ್ತೀನಿ. ಅಗಿಯೋರಿಗೆ ಬಾಯಿ ಬಿಗಿದು ತೆರೆಯೋಕಾಗದಂಗೆ ಆಗಬಹುದು, ಅದಕ್ಕೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡಿ ಅಂತ ಎಲ್ರಿಗೂ ಹೇಳಿ, ಯಾರಿಗೆ ಬಾಯಿ ಅಷ್ಟು ತೆರೆಯೋಕೆ ಆಗಲ್ವೋ ಅವರನ್ನ ಆಮೇಲೆ ಒಬ್ಬರನ್ನೇ ಕರೆದು ಮಾತಾಡಿಸಿ ಆಸ್ಪತ್ರೆಗೆ ಕಳಿಸಿ. ಎರಡು ವರ್ಷದ ಹಿಂದೆ ಒಬ್ಬ ಸಿಕ್ಕ, ಆರನೇ ಕ್ಲಾಸಿಂದ ಪಾಕೆಟ್ ಹಾಕ್ತಿದ್ದ.

ಬೇಡ ಅನ್ನೋದನ್ನ ಭಾಷಣದಿಂದ ಕಲಿಸೋಕಾಗಲ್ಲ, ಆಡಿಸಬೇಕು. ಇಬ್ಬರನ್ನ ನಿಲ್ಲಿಸಿ, ಒಬ್ಬ ಒತ್ತಾಯ ಮಾಡಬೇಕು, "ಒಂದ್ಸಲ ಹಾಕ್ಲಾ, ಏನಾಗಲ್ಲ, ನೀನೇನ್ ಹುಡ್ಗೀನಾ" ಅಂತ ಅವರದ್ದೇ ಭಾಷೆಯಲ್ಲಿ. ಇನ್ನೊಬ್ಬ ಜಗಳ ಆಡದೆ ತಪ್ಪಿಸ್ಕೋಬೇಕು. ಮಕ್ಕಳು ಕಂಡುಹಿಡಿಯೋ ಉತ್ತರಗಳು ನಮ್ಮವಕ್ಕಿಂತ ಚೆನ್ನಾಗಿರ್ತವೆ. "ನಮ್ಮಪ್ಪ ಬಾಯಿ ಮೂಸ್ತಾನೆ ಕಣೋ" ಅನ್ನೋದು ನಮ್ಮ ಕ್ಲಾಸಲ್ಲಿ ಎಲ್ಲರ ಮೆಚ್ಚಿನ ಉತ್ತರ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರೋ ಹಾಗಿಲ್ಲ, ಗೇಟಿಂದ ಮಕ್ಕಳ ಕೈಲೇ ಟೇಪ್ ಹಿಡಿಸಿ ಅಳತೆ ಮಾಡಿಸಿ, ನಾವು ಮಾಡಿದೀವಿ, ಎರಡು ಅಂಗಡಿ ಒಳಗೆ ಬಂತು, ಪಂಚಾಯ್ತಿಗೆ ಅರ್ಜಿ ಕೊಟ್ವಿ.

ಎಂಟು: ಮೊಬೈಲು ಮತ್ತು ಮನಸ್ಸು

ಮೊಬೈಲ್ ಬಿಡಿ ಅಂದ್ರೆ ಯಾರೂ ಬಿಡಲ್ಲ. ಮೂರು ವಿಷಯ ಗಟ್ಟಿಯಾಗಿ ಹೇಳಿ: ಬಟ್ಟೆ ಇಲ್ಲದ ಫೋಟೋ ಯಾರಿಗೂ ಕಳಿಸಬೇಡಿ, ಎಷ್ಟೇ ನಂಬಿಕೆ ಇರಲಿ. ಬೇರೆ ಮಗುವಿನ ಅಂಥ ಫೋಟೋ ನಿಮಗೆ ಬಂದ್ರೆ ಫಾರ್ವರ್ಡ್ ಮಾಡಿದೋರ ಮೇಲೂ ಕೇಸಾಗುತ್ತೆ. ಯಾರಾದ್ರೂ ಫೋಟೋ ಇಟ್ಕೊಂಡು ಹೆದರಿಸ್ತಿದ್ರೆ ದುಡ್ಡು ಕೊಡಬೇಡಿ, ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ದೊಡ್ಡೋರಿಗೆ ತೋರಿಸಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ. ಬೈತಾರೆ ಅನ್ನೋ ಭಯಕ್ಕೇ ಮಕ್ಕಳು ಹೇಳಲ್ಲ, ಹಾಗಾಗಿ ಬೈಯಲ್ಲ ಅಂತ ನಾವು ಮೊದಲೇ ಹೇಳಿರಬೇಕು, ಹೇಳಿದ ಮೇಲೆ ನಿಜವಾಗ್ಲೂ ಬೈಬಾರದು.

ಮನಸ್ಸಿನ ಪಾಠ ಜನವರಿ ಮೇಲೆ ಬೇಕೇ ಬೇಕು, ಎಸ್ಸೆಸ್ಸೆಲ್ಸಿ ಮಕ್ಕಳಿಗೆ. ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಇದೆ, ಒಂದರಲ್ಲಿ ಹೋದ್ರೆ ಅದೇ ವರ್ಷ ಮತ್ತೆ ಬರೆಯೋ ಅವಕಾಶ ಇದೆ ಅನ್ನೋದನ್ನ ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮಂದಿರಿಗೆ ಹೇಳಿ. ಇದ್ದಕ್ಕಿದ್ದಂಗೆ ಮಾತು ಬಿಟ್ಟ ಮಗು, ನಿದ್ದೆ ಊಟ ಬಿಟ್ಟ ಮಗು, ತನ್ನ ಪೆನ್ನು ಪುಸ್ತಕ ಎಲ್ಲ ಹಂಚೋಕೆ ಶುರು ಮಾಡಿದ ಮಗು ಕಂಡ್ರೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದ್ರೆ ಆ ಯೋಚನೆ ತುಂಬಿದ ಹಾಗಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕೇಳಿದ್ರೆ ಮಗುಗೆ ಉಸಿರು ಬಿಟ್ಟ ಹಾಗಾಗುತ್ತೆ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಮನೆಯೋರನ್ನ ಕರೆಸಿ, ಮನೇಲಿರೋ ತೋಟಕ್ಕೆ ಹೊಡೆಯೋ ಕೀಟನಾಶಕದ ಡಬ್ಬಗಳನ್ನ ಬೀಗ ಹಾಕಿಡೋಕೆ ಹೇಳಿ, 14416ಕ್ಕೆ ಫೋನ್ ಹಚ್ಚಿ ನಿಮ್ಮ ಮುಂದೆಯೇ ಮಾತಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಈ ನಂಬರ್ರು, 1098, 1930 ಮೂರನ್ನೂ ನಾವು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಎಲ್ಲ ಮಕ್ಕಳಿಂದಲೂ ಬರೆಸ್ತೀವಿ, ಟಾಯ್ಲೆಟ್ ಬಾಗಿಲ ಒಳಗಡೆಯೂ ಪೇಂಟಲ್ಲಿ ಬರೆಸಿದೀವಿ, ಅಲ್ಲಿ ಒಬ್ಬರೇ ಇರ್ತಾರಲ್ಲ.

ಉಳಿದ ಸಣ್ಣಪುಟ್ಟ

ಟಾಯ್ಲೆಟ್ಟಲ್ಲಿ ನೀರಿಲ್ಲ, ಚಿಲಕ ಇಲ್ಲ, ಪ್ಯಾಡ್ ಹಾಕೋಕೆ ಡಬ್ಬ ಇಲ್ಲ ಅಂದ್ರೆ ಮೇಲಿನ ಪಾಠ ಅರ್ಧ ಆದಂಗೆ. ನವೆಂಬರ್ ಸುಮಾರಿಗೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ, ಅಲ್ಲಿ ಮಕ್ಕಳೇ ಎದ್ದು ಕೇಳಲಿ. ನಮ್ಮ 9ನೇ ಕ್ಲಾಸ್ ಹುಡುಗಿ ಅಧ್ಯಕ್ಷರ ಮುಂದೆ "ಮುಟ್ಟಾದಾಗ ಬದಲಾಯಿಸೋಕೆ ಚಿಲಕ ಇಲ್ಲ ಸರ್" ಅಂತ ಮೈಕಲ್ಲಿ ಹೇಳಿದ್ಲು. ಡೇಟು, ಪ್ರಾಬ್ಲಂ ಅನ್ನಲಿಲ್ಲ, ಮುಟ್ಟು ಅಂದ್ಲು. ಚಿಲಕ ಎಂಟು ದಿನಕ್ಕೆ ಬಂತು, ನೀರಿಗೆ ಒಂದು ವರ್ಷ ಹಿಡೀತು.

ಮಾರ್ಚ್ ಕೊನೆಗೆ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ನನ್ನ ಅಕ್ಷರದಲ್ಲಿ ಇಳಿಸ್ಕೊಂಡು ಚೀಟಿಗಳನ್ನ ಮಕ್ಕಳೆದುರೇ ಸುಟ್ಟುಬಿಡ್ತೀನಿ, ಪೊಲೀಸರಿಗೆ ಬೇಕಾಗಬಹುದಾದ ಚೀಟಿ ಇದ್ರೆ ಅದು ಮಾತ್ರ ಹೆಚ್ಎಂ ಬೀರುವಲ್ಲಿ ಇರುತ್ತೆ. ಮುಂದಿನ ಜೂನಲ್ಲಿ ಹೊಸ 8ನೇ ಕ್ಲಾಸಿಗೆ ಆ ನೋಟ್‌ಬುಕ್ಕಿಂದ ಹತ್ತು ಪ್ರಶ್ನೆ ಓದಿ ಹೇಳ್ತೀನಿ, ನಿಮ್ಮ ಅಣ್ಣ ಅಕ್ಕಂದಿರು ಕೇಳಿದ್ದು ಅಂತ. ಅದರಲ್ಲಿ ಮೊದಲನೇದು ಯಾವಾಗ್ಲೂ ಆ ಪೆನ್ಸಿಲ್ ಚೀಟಿಯ ಪ್ರಶ್ನೆ. ಓದಿ, ಉತ್ತರ ಹೇಳಿ, ಖಾಲಿ ಡಬ್ಬಿಗೆ ಬೀಗ ಹಾಕಿ ನಲ್ಲಿ ಪಕ್ಕ ಇಟ್ಟು ಬರ್ತೀನಿ.